ಎಲ್ಲ ಬಾಗಿಲೂ ಮೂಡಲಿಗೆ

ಬೆಳಕು ಹರಿಯುವುದರೊಳಗೆ ಖಾಜಾಬಿ ಇಷ್ಟನ್ನು ಮುಗಿಸಬೇಕಿತ್ತು. ನಳ ಬರುವ ದಿನವಾದರೆ ಬಾಗಿಲ ಮುಂದಿನ ಸಿಮೆಂಟಿನ ತೊಟ್ಟಿ ತುಂಬಿಸುವುದು, ಆಮೇಲೆ ಕೊಡಗಳು, ಆಮೇಲೆ ಕುಡಿಯುವ ನೀರು. ಒಲೆಯ ಬೂದಿ ಬಳಿದು ಕಸ ಗುಡಿಸುವುದು. ಎರಡು ಆಡುಗಳಿಗೆ ಸೊಪ್ಪು ಹಾಕಿ ಹಾಲು ಕರೆಯುವುದು. ಇವತ್ತು ನರೇಗಲ್, ನಾಳೆ ಗಜೇಂದ್ರಗಡ ಎಂದು ಗಾದಿ ತುಂಬುತ್ತ ಊರೂರು ತಿರುಗುವ ಗಂಡ ದಿಲಾವರನಿಗೆ ಬುತ್ತಿ ಕಟ್ಟುವುದು. ಅವನ ಅಂಗಿಗೆ ಅಂಟಿಕೊಂಡ ಅರಳೆ ಕಿತ್ತು, ಝಾಡಿಸಿ ಗೂಟಕ್ಕೆ ಹಾಕುವುದು. ಮಗಳು ಗುಲ್ಷನಳನ್ನು ಎಬ್ಬಿಸಿ, ಮೂರ್ಛೆಯ ಗುಳಿಗೆಯನ್ನು ಕಣ್ಣೆದುರೇ ನುಂಗಿಸಿ, ನುಂಗಿದಳೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡುವುದು. ಮಗಳಿಗೆ ಹೆರಳು ಹಾಕುವುದು. ಹತ್ತೊಂಬತ್ತರ ಹುಡುಗಿ ತನ್ನ ಹೆರಳು ತಾನೇ ಹಾಕಿಕೊಳ್ಳಬಲ್ಲಳು. ಆದರೂ ಇದೊಂದು ಕೆಲಸವನ್ನು ಖಾಜಾಬಿ ಬಿಟ್ಟುಕೊಟ್ಟಿರಲಿಲ್ಲ. ಇಷ್ಟಾದ ಮೇಲೆ ಮೊದಲನೇ ಬಸ್ಸು ಹಿಡಿದು ರೋಣಕ್ಕೆ ಹೋಗಿ, ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ಮಧ್ಯಾಹ್ನ ತಿರುಗುವವರೆಗೆ ಜೋಳದ ರೊಟ್ಟಿ ಬಡಿಯುವುದು. ಊರಿನವರು ಕೆಲಸ ಎಂದು ಕರೆಯುತ್ತಿದ್ದದ್ದು ಇದನ್ನು ಮಾತ್ರ.

ಗುಲ್ಷನಳನ್ನು ಒಂದೆರಡು ಸಲ ಖಾನಾವಳಿಗೆ ಕರೆದುಕೊಂಡು ಹೋಗಿದ್ದಳು. ಒಂದು ದಿನ ಉರಿಯುವ ಒಲೆಯ ಪಕ್ಕದಲ್ಲೇ ಹುಡುಗಿಗೆ ಮೂರ್ಛೆ ಬಂತು. ಹಂಚು ಉರುಳಿತು. ಮಾಲೀಕ ಕೆಟ್ಟವನಲ್ಲ, ಆದರೆ ಕೈಮುಗಿದು, "ಬ್ಯಾಡವಾ, ನಾಳೆ ಏನರ ಆದ್ರ ನಾ ಜವಾಬ್ದಾರಿ ಆಗ್ತೀನಿ" ಅಂದ. ಅಲ್ಲಿಂದ ಮಗಳು ಮನೆಯಲ್ಲೇ ಉಳಿದಳು.

ಆಗ ಅವರಿದ್ದ ಹೊಳೆದಂಡೆಯ ಹಳೇ ಊರಿನಲ್ಲಿ ಅದು ಭಯಪಡುವ ಮಾತಾಗಿರಲಿಲ್ಲ. ಖಾಜಾಬಿಯ ಬಾಗಿಲೂ ಕರಿಯವ್ವನ ಬಾಗಿಲೂ ಅಲ್ಲಿ ಎದುರುಬದುರು. ನಡುವೆ ಒಂದು ಎತ್ತಿನ ಗಾಡಿ ಕಷ್ಟಪಟ್ಟು ದಾಟುವಷ್ಟು ಓಣಿ. ಮುದುಕಿ ಕರಿಯವ್ವನಿಗೆ ಮೊಣಕಾಲು ಹಿಡಿದುಕೊಂಡು ಎಷ್ಟೋ ವರ್ಷವಾಗಿತ್ತು. ದಿನವಿಡೀ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಲೋ ಕೌದಿ ಹೊಲಿಯುತ್ತಲೋ ಇರುತ್ತಿದ್ದಳು. ತಲೆ ಎತ್ತಿದರೆ ಎದುರಿಗೆ ಖಾಜಾಬಿಯ ಪಡಸಾಲೆ, ಪಡಸಾಲೆಯಲ್ಲಿ ಗುಲ್ಷನ. ಹುಡುಗಿಯ ಕಣ್ಣು ಒಂದು ಕಡೆ ನೆಟ್ಟು ನಿಂತರೆ ಸಾಕು, ಮುದುಕಿ ಮೊರ ಪಕ್ಕಕ್ಕೆ ಸರಿಸಿ, ಕುಂಡೆಯ ಮೇಲೇ ತೆವಳುತ್ತ ಓಣಿ ದಾಟಿ, ಹುಡುಗಿಯನ್ನು ಮಗ್ಗುಲಾಗಿಸಿ, ತನ್ನ ಸೆರಗು ಮಡಿಚಿ ತಲೆಯಡಿಗೆ ಇಡುತ್ತಿದ್ದಳು. ಹೀಗೆ ಹದಿಮೂರು ವರ್ಷ. ಇದಕ್ಕೆ ಯಾರೂ ಒಂದು ಹೆಸರು ಇಟ್ಟಿರಲಿಲ್ಲ. ಕರಿಯವ್ವನ ಮಗ ಹನಮಪ್ಪನನ್ನು ಕೇಳಿದರೆ, "ನಮ್ಮವ್ವೇನ್ ಮಾಡ್ತಾಳ, ಸುಮ್ನ ಕುಂತಿರ್ತಾಳ" ಅನ್ನುತ್ತಿದ್ದ.

ಆಮೇಲೊಂದು ಮಳೆಗಾಲ ಹೊಳೆ ಊರೊಳಗೆ ಬಂತು. ಮಣ್ಣಿನ ಗೋಡೆಗಳು ನೆನೆದು ಕೂತವು. ಎರೆಹೊಲದ ದಿಬ್ಬದ ಮೇಲೆ ಹೊಸ ಊರು ಕಟ್ಟಿಸುವುದೆಂದು ಸರ್ಕಾರ ಮಂಜೂರು ಮಾಡಿತು.

ನಕ್ಷೆ ಹಿಡಿದು ಬಂದವಳು ಅನಿತಾ ಎಂಬ ಇಂಜಿನಿಯರು. ಶಾಲೆಯ ಅಂಗಳದಲ್ಲಿ ಸಭೆ. ಕಾಗದದ ಮೇಲೆ ತೋರಿಸಿದರೆ ಯಾರಿಗೂ ತಿಳಿಯಲೊಲ್ಲದೆಂದು ಆಕೆ ಅಂಗಡಿಯಿಂದ ಬೆಂಕಿಪೆಟ್ಟಿಗೆಯ ಒಂದು ಬಂಡಲ್ ತರಿಸಿದಳು. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಎಂಟೆಂಟು ಪೆಟ್ಟಿಗೆಗಳನ್ನು ಒಂದೊಂದು ಖಾಲಿ ಜಾಗದ ಸುತ್ತ ಜೋಡಿಸಿದಳು. "ಒಂದೊಂದು ಅಂಗಳಕ್ಕೆ ಎಂಟು ಮನೆ. ಎಲ್ಲಾ ಬಾಗಿಲೂ ಅಂಗಳಕ್ಕೆ ತೆರೀತಾವು. ಮಕ್ಕಳು ಆಡೋದು, ಕಾಳು ಒಣಗಿಸೋದು, ಎಲ್ಲಾ ಇಲ್ಲೇ. ಒಬ್ಬರ ಮನೆ ಮ್ಯಾಲೆ ಇನ್ನೊಬ್ಬರ ಕಣ್ಣು ಇರ್ತದೆ."

ಗಂಡಸರು ಬಾಗಿ ನೋಡಿದರು. ಪಂಚಾಯ್ತಿ ಮೆಂಬರನಾಗಿದ್ದ ಹನಮಪ್ಪನೇ ಮೊದಲು ಬಾಯಿ ತೆರೆದ.

"ಮೇಡಮ್ಮಾರ, ಈ ಪೆಟ್ಟಿಗಿ ಬಾಗಲಾ ಎತ್ತಾಗ ಬಂತು?"

"ಇದು ದಕ್ಷಿಣಕ್ಕೆ."

"ಹಂಗಂದ್ರ ಯಮನ ದಿಕ್ಕಿಗೆ! ಆ ಮನ್ಯಾಗ ಇರಾವ್ರು ಯಾರು? ನೀವು ಇರ್ತೀರೇನ್ರಿ?"

ನಗು ಎದ್ದಿತು. ಹನಮಪ್ಪ ಕುಕ್ಕರಗಾಲಿನಲ್ಲಿ ಕೂತು ಪೆಟ್ಟಿಗೆಗಳನ್ನು ಒಂದೊಂದಾಗಿ ತಿರುಗಿಸತೊಡಗಿದ. "ನಮ್ಮಪ್ಪ ಪಡುವಲ ಬಾಗಲದ ಮನ್ಯಾಗ ಹುಟ್ಟಿ ಅದ್ರಾಗ ಸತ್ತ. ಏನ್ ಉದ್ಧಾರ ಆತು? ಸರ್ಕಾರ ಕಟ್ಟಿಸಿ ಕೊಡ್ತೈತಿ ಅಂದ್ಮ್ಯಾಲೆ ಎಲ್ಲಾರಿಗೂ ಮೂಡಲ ಬಾಗಲಾ ಬರ್ಲಿ. ಹೆಚ್ಚಿಲ್ಲ, ಕಡಿಮಿಲ್ಲ." ಎಲ್ಲರೂ ಕೈಹಾಕಿದರು. ಅಂಗಳಗಳು ಅಳಿಸಿಹೋದವು. ಸೂರ್ಯ ಹುಟ್ಟುವ ಕಡೆ ಮುಖ ಮಾಡಿ, ಒಂದರ ಬೆನ್ನಿಗೆ ಇನ್ನೊಂದು ಸಾಲು, ಕವಾಯತಿಗೆ ನಿಂತ ಹಾಗೆ. ಮಸೂತಿಯ ಹಿರಿಯ ಜಂಗ್ಲಿಸಾಬ ಗಡ್ಡ ಸವರುತ್ತ, "ಬಾಗ್ಲಾ ಎತ್ತಾಗರ ಇರ್ಲಿ. ಪಾಯಖಾನಿ ಮಾತ್ರ ಪಡುವಲಕ್ಕ ಮುಖ ಮಾಡಿ ಕುಂಡ್ರೂಹಂಗ ಇಡಬ್ಯಾಡ್ರಿ. ಅದು ನಮ್ಮ ನಮಾಜಿನ ದಿಕ್ಕು" ಅಂದ. ಆಗಲಿ ಅಂದರು. ಎಲ್ಲರ ದಿಕ್ಕೂ ಉಳಿಯಿತು. ಗೋಡೆಗೆ ಗೋಡೆ ಹೊಂದಿಸಿ ಕಟ್ಟಿದರೆ ಪೈಪಿನ, ರಸ್ತೆಯ ಖರ್ಚು ಉಳಿಯುತ್ತದೆಂದು ಮೇಲಿನ ಅಧಿಕಾರಿಗೂ ಖುಷಿಯಾಯಿತು.

ಹೆಂಗಸರು ಶಾಲೆಯ ಹಿಂದೆ ಇದ್ದರು. ಸಭೆಗೆ ಚಹಾ, ಮಿರ್ಚಿ, ಮಂಡಕ್ಕಿ ಆಗಬೇಕಿತ್ತಲ್ಲ. ಖಾಜಾಬಿ ಎಣ್ಣೆಯ ಮುಂದೆ ಕೂತು ಮಿರ್ಚಿ ಬಿಡುತ್ತಿದ್ದಳು. ಸಭೆಗೆ ಬಂದಿದ್ದ ಊರಿನ ಒಬ್ಬಳೇ ಹೆಂಗಸೆಂದರೆ ಕರಿಯವ್ವ, ಅದೂ ಅಡುಗೆಗೆ ಒದಗುವುದಿಲ್ಲ ಎಂಬ ಕಾರಣಕ್ಕೆ. ಕಂಬಕ್ಕೆ ಒರಗಿ ಕೂತಿದ್ದವಳು ಬಡಿಗೆ ಚಾಚಿ, ಮುಂದಿನ ಸಾಲಿನ ಒಂದು ಪೆಟ್ಟಿಗೆಯನ್ನು ಮೆಲ್ಲಗೆ ಹಿಂದುಮುಂದಾಗಿ ತಿರುಗಿಸಿದಳು.

"ಇದು ನಮ್ಮ ಮನಿ. ಅದು ಖಾಜವ್ವನ ಮನಿ. ನಮ್ಮ ಬಾಗಲಾ ಎದ್ರಾಬದ್ರ ಇರ್ಲಿ."

"ಯವ್ವಾ, ನೀ ಸುಮ್ಕ ಕುಂಡ್ರು."

"ಅಲ್ಲೋ, ಕೂಸು ಕಾಣೂದು ಹ್ಯಾಂಗ?"

"ಕಾಣಾಕೇನ, ಹಿಂದಮುಂದನ ಹಾಕಿಸ್ತೀನಿ ಎರಡೂ ಮನಿ! ಕೈ ಚಾಚಿದ್ರ ಸಿಗ್ತಾಳ." ಹನಮಪ್ಪ ಪೆಟ್ಟಿಗೆಯನ್ನು ಮತ್ತೆ ಮೂಡಲಿಗೆ ತಿರುಗಿಸಿದ. "ನಮ್ಮವ್ವ ಇಂಜಿನಿಯರ್ ಆಗಬೇಕಿತ್ತ್ ನೋಡ್ರಿ ಮೇಡಂ."

ಅನಿತಾ ನಗಲಿಲ್ಲ. "ಹಿರೇರು ಹೇಳೋದ್ರಲ್ಲಿ ಅರ್ಥ ಇದೆ" ಎಂದು ಏನೋ ಹೇಳಹೊರಟಳು. ಅಷ್ಟರಲ್ಲಿ ಮಿರ್ಚಿ ಬಂತು.

ಹನಮಪ್ಪ ಮಾತು ಉಳಿಸಿಕೊಂಡ. ಹೊಸ ಊರಿನಲ್ಲಿ ಮನೆ ಹಂಚುವಾಗ ಓಡಾಡಿ, ತನ್ನ ಮನೆಯ ಹಿಂದಿನ ಸಾಲಿನಲ್ಲಿ, ಸರಿಯಾಗಿ ಬೆನ್ನಿಗೆ, ಖಾಜಾಬಿಯ ಮನೆ ಬರುವ ಹಾಗೆ ಮಾಡಿಸಿದ. ಉಳಿದವರ ನೆರೆಹೊರೆ ಚೆದುರಿ ಹೋಗಿತ್ತು. ಇವರಿಬ್ಬರದೇ ಪುಣ್ಯ ಎಂದು ಓಣಿಯ ಹೆಂಗಸರು ಹೊಟ್ಟೆಕಿಚ್ಚು ಪಟ್ಟರು. ದಿಲಾವರ, "ಇನ್ನೇನ್ ಬೇಕು ನಿನಗ" ಅಂದ.

ಹೊಸ ಮನೆಯಲ್ಲಿ ಮೊದಲ ದಿನ ಖಾಜಾಬಿ ಬಾಗಿಲು ತೆರೆದಾಗ ಎದುರಿಗೆ ಕಂಡದ್ದು ಕರಿಯವ್ವನ ಹಿಂಗೋಡೆ. ಬಾಗಿಲಿಲ್ಲ, ಕಿಟಕಿಯಿಲ್ಲ. ತಲೆಗಿಂತ ಎತ್ತರದಲ್ಲಿ ಬಚ್ಚಲಿನ ಜಾಲಂದ್ರವೊಂದು, ಕೆಳಗೆ ಮೋರಿಗೆ ಇಳಿಯುವ ಪೈಪು. ಕರಿಯವ್ವ ಆಚೆ ಬದಿಯ ಮೆಟ್ಟಿಲ ಮೇಲೆ, ಮೂಡಲಿಗೆ ಮುಖ ಮಾಡಿ, ಮುಂದಿನ ಸಾಲಿನ ಹಿಂಗೋಡೆ ನೋಡುತ್ತ ಕೂತಿದ್ದಳು. ಊರಿಗೆ ಊರೇ ಹಾಗೆ: ಪ್ರತಿಯೊಬ್ಬರ ಬಾಗಿಲಿಗೂ ಇನ್ನೊಬ್ಬರ ಬಚ್ಚಲು. ಮನೆಗಳ ನಡುವೆ ಸಂದಿ ಇಲ್ಲದ್ದರಿಂದ ಆಚೆಯಿಂದ ಈಚೆಗೆ ಬರಬೇಕೆಂದರೆ ಸಾಲಿನ ತುದಿಯವರೆಗೆ ನಡೆದು, ಸುತ್ತು ಹಾಕಿ, ಅಷ್ಟೇ ದೂರ ಹಿಂದಕ್ಕೆ ನಡೆಯಬೇಕು. ನಡೆಯಬಲ್ಲವರಿಗೆ ಅದೇನೂ ದೂರವಲ್ಲ. ತೆವಳುವವಳಿಗೆ ಅದು ಇನ್ನೊಂದು ಊರು.

ಖಾಜಾಬಿ ಬಾಯಿ ಬಿಟ್ಟು ಕೇಳಿದಳು. ಹನಮಪ್ಪನ ಮನೆಗೆ ಹೋಗಿ, ಹೊಸಿಲಾಚೆ ನಿಂತು ಕೇಳಿದಳು.

"ಹಿಂದ ಒಂದು ಸಣ್ಣ ಬಾಗಲಾ ಒಡಸ್ರಿ ಹನಮಪ್ಪ. ಯವ್ವ ಅಲ್ಲಿ ಕುಂತ್ರ ಸಾಕು."

"ಖಾಜಕ್ಕ, ನಿನಗ ತಿಳಿಯೂದಿಲ್ಲ. ಮುಂದಿನ ಬಾಗಲಾ ಹಿಂದಿನ ಬಾಗಲಾ ಒಂದ ಗೆರಿಗೆ ಬಂದ್ರ ಬಂದ ಲಕ್ಷ್ಮಿ ಹಂಗ ಹಾದು ಹೊರಗ ಹೋಗ್ತಾಳ. ಹೊಸಾ ಮನಿ."

"ಒಂದು ಕಿಡಕಿ ಆದ್ರೂ..."

"ಬಚ್ಚಲಗ್ವಾಡಿಗೆ ಕಿಡಕಿ ಯಾರ್ ಇಡ್ತಾರ, ಹುಚ್ಚಿ?" ಹನಮಪ್ಪನ ಹೆಂಡತಿ ಸಕ್ಕೂಬಾಯಿ ಒಳಗಿನಿಂದ, "ಇಟ್ರೇನಾಕ್ಕೈತಿ" ಅಂದಳು. ಹನಮಪ್ಪ ಚಪ್ಪಲಿ ಮೆಟ್ಟಿಕೊಂಡು ಪಂಚಾಯ್ತಿಯ ಕಡೆ ಹೊರಟ.

ದಿಲಾವರನಿಗೆ ಹೇಳಿದರೆ, "ಅವ್ರ ಮನಿ ಗ್ವಾಡಿ, ಅವ್ರ ಧರ್ಮ. ನಾ ಹ್ಯಾಂಗ ಒತ್ತಾಯ ಮಾಡ್ಲಿ? ನೀನ ರೊಟ್ಟಿ ಬಿಟ್ಟು ಮನ್ಯಾಗ ಇರು" ಅಂದ. ರೊಟ್ಟಿ ಬಿಟ್ಟರೆ ಗುಳಿಗೆ ಎಲ್ಲಿಂದ ಬರುತ್ತದೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕೊನೆಗೆ ಕರಿಯವ್ವನೇ ಒಂದು ದಾರಿ ಹುಡುಕಿದಳು. ಬೆಳಗಿನಿಂದ ಬಚ್ಚಲಲ್ಲೇ ಹೋಗಿ ಕೂತಳು. ಒದ್ದೆ ನೆಲಕ್ಕೆ ಒಂದು ಗೋಣಿಚೀಲ, ಅದರ ಮೇಲೆ ಮಣೆ. ಕಡಲೆಯ ಮೊರವೂ ಅಲ್ಲಿಗೇ ಹೋಯಿತು. ನಡುನಡುವೆ ಜಾಲಂದ್ರದ ಕಡೆ ಮುಖವೆತ್ತಿ ಕೂಗುವಳು:

"ಗುಲ್ಷನಾ, ಅದೀಯೇನ?"

"ಅದೀನಿ ಆಯಿ!"

"ಏನ್ ಮಾಡಾಕತ್ತೀ?"

"ನಿನ್ನ ಲಗ್ನಕ್ಕ ಗಂಡ ಹುಡುಕಾಕತ್ತೀನಿ!"

"ಹಲ್ಲಿದ್ದಾವನ ನೋಡವಾ. ನನಗಂತೂ ಇಲ್ಲ, ಅವಂಗರ ಇರ್ಲಿ!"

ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ಗೋಡೆಯ ಜೊತೆ ಮಾತಾಡುವ ಹುಡುಗಿ, ಬಚ್ಚಲಲ್ಲಿ ಸಂಸಾರ ಹೂಡಿದ ಮುದುಕಿ. ಸ್ನಾನ ಮಾಡುವವರಿಗೆ ಜಾಗ ಬಿಡುವುದಿಲ್ಲವೆಂದು ಹನಮಪ್ಪ ಬೈಯುತ್ತಿದ್ದ. ಮಧ್ಯಾಹ್ನ ಬಸ್ಸಿಳಿದ ಖಾಜಾಬಿಗೆ ಓಣಿಯ ತಿರುವಿನಿಂದಲೇ ಆ ಎರಡು ದನಿ ಕೇಳುತ್ತಿದ್ದವು. ಕೇಳಿದ ಮೇಲೆ ಅವಳ ಹೆಜ್ಜೆ ನಿಧಾನವಾಗುತ್ತಿತ್ತು. ಆ ಹೊತ್ತಿನವರೆಗೂ ತಾನು ಓಡುತ್ತಿದ್ದೆ ಎಂದು ಆಗಲೇ ಅವಳಿಗೆ ಗೊತ್ತಾಗುತ್ತಿದ್ದದ್ದು.

ಕಡಲೆ ಕೀಳುವ ಸುಗ್ಗಿ ಬಂತು. ಇಬ್ಬನಿ ಆರುವುದರೊಳಗೆ ಕಿತ್ತರೆ ಕಾಯಿ ಉದುರುವುದಿಲ್ಲವೆಂದು ಹೆಂಗಸರೆಲ್ಲ ನಸುಕಿನಲ್ಲೇ ಹೊಲಕ್ಕೆ ಹೋಗುತ್ತಿದ್ದರು. ಸಾಲಿನುದ್ದಕ್ಕೂ ಬಾಗಿಲುಗಳಿಗೆ ಬೀಗ. ಗಂಡಸರಲ್ಲಿ ಕೆಲವರು ಊರ ಮುಂದಿನ ಚಹಾದಂಗಡಿಯಲ್ಲಿದ್ದರು.

ಅಂಥದೊಂದು ಬೆಳಿಗ್ಗೆ ಕರಿಯವ್ವ ಕೂಗಿದಳು. ಉತ್ತರ ಬರಲಿಲ್ಲ. ಹಿಂದಿನ ದಿನ ಯಾವುದೋ ಮಾತಿಗೆ ಗದರಿದ್ದಳು. ಹುಡುಗಿ ಸಿಟ್ಟಾಗಿರಬೇಕು ಅಂದುಕೊಂಡಳು. "ಸಿಟ್ಟು ಬಂತೇನ ನಮ್ಮವ್ವಗ?" ಎಂದು ಇನ್ನೊಮ್ಮೆ ಕೂಗಿದಳು. ಆಡೊಂದು ಒದರಿದ್ದು ಕೇಳಿತು. ಆಮೇಲೆ ಅವಳು ಕೂಗಲಿಲ್ಲ, ಎದ್ದಳು. ಗೋಡೆ ಹಿಡಿದು ಹೊಸಿಲು ದಾಟಿ, ಬಡಿಗೆ ಊರುತ್ತ, ಬೀಗ ಹಾಕಿದ ಬಾಗಿಲೊಂದೊಂದನ್ನೂ ಹಿಡಿದುಕೊಳ್ಳುತ್ತ ಸಾಲಿನ ತುದಿಯ ಕಡೆ ಹೊರಟಳು. ಬಡಿಗೆ ಎಲ್ಲೋ ಬಿತ್ತು. ಉಳಿದದ್ದನ್ನು ತೆವಳಿದಳು. ತಿರುವಿನಲ್ಲಿ ಮೋರಿ ದಾಟಲು ಹೋಗಿ ಉರುಳಿದಾಗ ಸೊಂಟದ ಎಲುಬು ಮುರಿಯಿತು. ಅಲ್ಲಿಂದಲೇ ಒದರಿದಳು: "ಗುಲ್ಷನ್ನ ನೋಡ್ರೋ! ನನ್ನ ಬಿಡ್ರಿ, ಗುಲ್ಷನ್ನ ನೋಡ್ರೋ!"

ಚಹಾದಂಗಡಿಯವರು ಬಂದರು. ಹೋಗಿ ನೋಡಿದರು. ಪಾತ್ರೆ ತೊಳೆಯಲು ತೊಟ್ಟಿಯಿಂದ ನೀರು ಮೊಗೆಯುವಾಗ ಹುಡುಗಿಗೆ ಮೂರ್ಛೆ ಬಂದಿತ್ತು. ತೊಟ್ಟಿ ಅವಳ ಎದೆಮಟ್ಟ. ಮುಖ ನೀರಿನಲ್ಲಿತ್ತು. ಹೆರಳು ಬಿಚ್ಚಿರಲಿಲ್ಲ.

ಕರಿಯವ್ವ ಕೂತಿದ್ದ ಜಾಗಕ್ಕೂ ಆ ತೊಟ್ಟಿಗೂ ನಡುವೆ ಒಂದು ಇಟ್ಟಂಗಿಯ ಗೋಡೆ, ಒಂದು ರಸ್ತೆ.

ಖಾನಾವಳಿಗೆ ಫೋನು ಬಂದಾಗ ಖಾಜಾಬಿಯ ಕೈ ಹಿಟ್ಟಾಗಿತ್ತು. ಬಸ್ಸಿನಲ್ಲಿ ಯಾರೋ ಅವಳ ಕೈ ಒರೆಸಿದರು. ಮನೆಗೆ ಬಂದು ಮಗಳನ್ನು ತಾನೇ ತೊಳೆದಳು. ಅದಕ್ಕೆ ಬೇಕಾದ ನೀರನ್ನು ಪಕ್ಕದ ಮನೆಯಿಂದ ತಂದರು. ಹೊಸ ಊರಿನ ನಕ್ಷೆಯಲ್ಲಿ ಗುಡಿಗೆ, ಮಸೂತಿಗೆ, ಶಾಲೆಗೆ, ನೀರಿನ ಟಾಕಿಗೆ ಜಾಗವಿತ್ತು. ಖಬರಸ್ತಾನಕ್ಕೆ ಜಾಗ ಕೇಳುವುದು ಯಾರಿಗೂ ನೆನಪಾಗಿರಲಿಲ್ಲ. ಗಂಡಸರು ಗುಲ್ಷನಳನ್ನು ಹೊತ್ತುಕೊಂಡು ಹೊಳೆದಂಡೆಯ ಹಳೇ ಊರಿಗೇ ಹೋದರು. ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ. ಖಾಜಾಬಿ ಹೊಸಿಲ ಮೇಲೆ ಕೂತಳು. ಎದುರಿಗೆ ಗೋಡೆ ಇತ್ತು. ಅವರು ಯಾವ ದಾರಿಯಲ್ಲಿ ಹೋದರು ಎನ್ನುವುದೂ ಅವಳಿಗೆ ಕಾಣಲಿಲ್ಲ.

ಸತ್ತ ಮನೆಯಲ್ಲಿ ಒಲೆ ಹಚ್ಚಬಾರದೆಂದು ಸಕ್ಕೂಬಾಯಿ ಅಡುಗೆ ಮಾಡಿ ತಂದಳು. ಆಮೇಲೆ ಆ ದಿನಗಳೂ ಮುಗಿದವು, ಒಲೆ ಮತ್ತೆ ಹೊತ್ತಿತು. ಖಾಜಾಬಿ ಮೊದಲಿನ ಹಾಗೆಯೇ ಏಳುತ್ತಿದ್ದಳು. ಹೆರಳು ಹಾಕುವ ಹೊತ್ತಿಗೆ ಮಾತ್ರ ಕೈಗೆ ಏನು ಕೊಡಬೇಕೆಂದು ತಿಳಿಯದೆ ಹಣಿಗೆಯನ್ನು ತೊಳೆದು ಒರೆಸಿ ಮತ್ತೆ ಗೂಡಿನಲ್ಲಿಡುತ್ತಿದ್ದಳು. ದಿಲಾವರ ಒಂದೆರಡು ಸಲ ಅದನ್ನು ನೋಡಿ ಹೊರಗೆ ಹೋಗಿ ನಿಂತ.

ಕರಿಯವ್ವನನ್ನು ದವಾಖಾನೆಯಿಂದ ತಂದರು. ಈ ವಯಸ್ಸಿಗೆ ಎಲುಬು ಕೂಡುವುದಿಲ್ಲ ಅಂದಿದ್ದರು. ಮಂಚ ಹಿಡಿದಳು. ಮಲಮೂತ್ರವೂ ಅಲ್ಲೇ. ಸಕ್ಕೂಬಾಯಿ ಕೂಲಿಗೆ ಹೋಗದಿದ್ದರೆ ಮನೆ ನಡೆಯುವುದಿಲ್ಲ. ಹನಮಪ್ಪನಿಗೆ ಪಂಚಾಯ್ತಿ. ಮುದುಕಿಯ ಹತ್ತಿರ ಹಗಲಲ್ಲಿ ಯಾರಾದರೂ ಇರಬೇಕಿತ್ತು.

ಒಂದು ಸಂಜೆ ಹನಮಪ್ಪ ಖಾಜಾಬಿಯ ಮನೆಗೆ ಬಂದ. ದಿಲಾವರನೂ ಇದ್ದ. ಚಹಾ ಕುಡಿದ. ಸುಮಾರು ಹೊತ್ತು ಮಳೆ, ಕಡಲೆ, ರೋಣದ ಸಂತೆ ಎಂದು ಮಾತಾಡಿದ. ಆಮೇಲೆ ಅಂದ:

"ಖಾಜಕ್ಕ, ನೀ ಆವತ್ತು ಹೇಳಿದ್ದು ಖರೇ ನೋಡು. ಹಿಂದ ಒಂದು ಬಾಗಲಾ ಬೇಕು. ನಾಳೆ ಒಡಿಸಿಬಿಡ್ತೀನಿ. ನೀ ಹೂಂ ಅನ್ನು ಸಾಕು. ನಮ್ಮವ್ವನ ಮಂಚ ಅಲ್ಲೇ ಹಾಕಿದ್ರ, ನೀ ನಿನ್ನ ಮನ್ಯಾಗ ಕುಂತನ ಒಂದು ಕಣ್ಣಿಟ್ರ ಆತು. ಕೈ ಚಾಚಿದ್ರ ಸಿಗ್ತಾಳ."

ಖಾಜಾಬಿ ಚಹಾದ ಕಪ್ಪು ಬಸಿ ಎತ್ತಿಕೊಳ್ಳುತ್ತಿದ್ದಳು. "ಲಕ್ಷ್ಮಿ ಹೊರಗ ಹೋಗಂಗಿಲ್ಲೇನು?"

ಹನಮಪ್ಪ ನೆಲ ನೋಡಿದ. "ಪೂಜಾರಿನ ಕೇಳೇನಿ. ಮುಂದಿನ ಬಾಗಲದ ಗೆರಿಗೆ ಇಡಲಾರದ, ಒಂದು ಗೇಣು ಬಾಜೂಕ ಸರಿಸಿ ಇಟ್ರ ಏನೂ ದೋಷಿಲ್ಲಂತ."

"ಒಂದು ಗೇಣು?"

"ಹೂಂ. ಒಂದು ಗೇಣು."

ಅವಳು ಕಪ್ಪುಗಳನ್ನು ಹಿಡಿದುಕೊಂಡು ಅಲ್ಲೇ ನಿಂತಳು. ದಿಲಾವರ ಗಂಟಲು ಸರಿಮಾಡಿಕೊಂಡ. "ಚಲೋ ಆತಲ್ಲ. ರೊಟ್ಟಿ ಕೆಲಸ ಬಿಡು ಇನ್ನ. ನಿನಗೂ ಮನಸಿಗೆ ಬದಲಿ ಆಕ್ಕೈತಿ. ಗುಳಿಗಿ ಖರ್ಚೂ..." ಎಂದವನು ಅಷ್ಟಕ್ಕೇ ನಿಲ್ಲಿಸಿದ. ಹೇಳದೆ ಬಿಟ್ಟದ್ದು ಮೂವರಿಗೂ ಕೇಳಿಸಿತು.

ಹೋಗುವಾಗ ಹನಮಪ್ಪ ಒಲೆಯ ಬದಿಯಿಂದ ಒಂದು ಇದ್ದಲಿ ಎತ್ತಿಕೊಂಡು, ರಸ್ತೆ ದಾಟಿ, ತನ್ನ ಮನೆಯ ಹಿಂಗೋಡೆಯ ಮೇಲೆ ಬಾಗಿಲಿನ ಆಕಾರ ಬರೆದ. "ನಿನ್ನ ಮಾತಿನ ಮ್ಯಾಲೆ ಐತಿ. ಒಲ್ಲೆ ಅಂದ್ರ ನಾ ಗ್ವಾಡಿ ಒಡಿಯಾಕ ಹಾರಿ ಎತ್ತಂಗಿಲ್ಲ" ಅಂದ. ಹಾಗೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಲ್ಲೆ ಅನ್ನುವಳೆಂದು ಅವನಿಗೆ ಅನ್ನಿಸಿರಲೂ ಇಲ್ಲ.

ಮರುದಿನ ನಸುಕಿನಲ್ಲಿ ಎದ್ದವಳು ಕೆಲಸಕ್ಕೆ ಕೈ ಹಾಕದೆ ಹೊಸಿಲ ಮೇಲೆ ಕೂತಳು. ಕಪ್ಪು ಗೆರೆಯ ಬಾಗಿಲು ಎದುರಿಗಿತ್ತು. ಆ ಬಾಗಿಲಾದರೆ ಕರಿಯವ್ವನ ಮುಖ ಕಾಣುತ್ತದೆ. ಆ ಮುಖ ನೋಡುವ ಆಸೆ ಅವಳಿಗೆ ಬಹಳವಿತ್ತು. ತನ್ನ ಮಗಳಿಗಾಗಿ ಎಲುಬು ಮುರಿದುಕೊಂಡವಳು ಅವಳೊಬ್ಬಳೇ. ಆದರೆ ಬಾಗಿಲೊಂದು ಆಗಿಬಿಟ್ಟರೆ ಜನ ಅದರಲ್ಲಿ ಓಡಾಡುತ್ತಾರೆ. ನಾಲ್ಕು ದಿನಕ್ಕೆ ಚೌಕಟ್ಟು ಸವೆಯುತ್ತದೆ, ತೋರಣ ಬರುತ್ತದೆ. ಮೊದಲಿನಿಂದಲೂ ಇಲ್ಲಿ ಬಾಗಿಲಿತ್ತು ಎಂಬಂತೆ ಎಲ್ಲರೂ ಬದುಕುತ್ತಾರೆ. ಇರಲಿಲ್ಲ ಎಂದು ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಮತ್ತು ಆ ಬಾಗಿಲಿನ ಈಚೆ ಕೂತು ಹಗಲಿಡೀ ಕಣ್ಣಿಟ್ಟವಳ ಬಗ್ಗೆ ಯಾರಾದರೂ ಕೇಳಿದರೆ, ಸುಮ್ಮನೆ ಕೂತಿರುತ್ತಾಳೆ ಅನ್ನುತ್ತಾರೆ.

ಒಳಗೆ ದಿಲಾವರ ಮಗ್ಗುಲು ಬದಲಿಸಿದ. ಅವನನ್ನು ಎಬ್ಬಿಸಿ ಕೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಅರಿವೆಯೊಂದನ್ನು ನೆನೆಸಿಕೊಂಡು ರಸ್ತೆ ದಾಟಿದಳು. ಮೇಲಿನ ಗೆರೆಗೆ ಕೈ ನಿಲುಕಲಿಲ್ಲ. ಕೊಡ ಬೋರಲು ಹಾಕಿ ಹತ್ತಿ ಒರೆಸಿದಳು. ಇದ್ದಲಿ ಸುಣ್ಣಕ್ಕೆ ಹಿಡಿದುಕೊಂಡಿತ್ತು, ತಿಕ್ಕಿ ತಿಕ್ಕಿ ತೆಗೆಯಬೇಕಾಯಿತು. ಗೋಡೆ ಮತ್ತೆ ಬರೀ ಗೋಡೆಯಾದ ಮೇಲೆ ಒಳಗೆ ಬಂದು ಆಡಿನ ಹಾಲಿನ ಚಹಾ ಕಾಸಿ, ಗಿಂಡಿಗೆ ಬಗ್ಗಿಸಿ, ಸೆರಗಿನಲ್ಲಿ ಹಿಡಿದುಕೊಂಡಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್ಸನ್ನು ಬಿಡುವವಳಲ್ಲ. ಅಷ್ಟರೊಳಗೆ ಕರಿಯವ್ವನ ಮಂಚದ ಹತ್ತಿರ ಕೂತು ಎದ್ದು ಬರಬಹುದು. ಹಗಲಿನ ಮಾತು ಹನಮಪ್ಪ ನೋಡಿಕೊಳ್ಳಲಿ.

ಒಂದೊಂದೇ ಬಾಗಿಲು ತೆರೆಯುತ್ತಿದ್ದವು. ಖಾಜಾಬಿ ಅವುಗಳ ಮುಂದೆಯೇ, ರಸ್ತೆಯ ನಡುವೆ, ಸಾಲಿನ ತುದಿಯ ಕಡೆ ನಡೆದಳು.